ಡಾಲ್ಫಿನ್‌ಗೆ ಕಿವಿಗೊಟ್ಟ ಪೀಣ್ಯದ ಡಬ್ಬ

ಚಿಂತೆ ಮಾಡುವುದಕ್ಕೆ ಬೇರೆಯವರಿಗೆ ಕಾರಣ ಬೇಕು. ನಾನು ಮೊದಲು ಚಿಂತೆ ಶುರು ಮಾಡಿ, ಕಾರಣವನ್ನು ದಾರಿಯಲ್ಲಿ ಹುಡುಕಿಕೊಳ್ಳುತ್ತೇನೆ ಎಂದು ನನ್ನ ಹೆಂಡತಿ ನೆಂಟರಿಷ್ಟರ ಮುಂದೆಲ್ಲ ಹೇಳುತ್ತಾಳೆ. ಅದರಲ್ಲಿ ಸುಳ್ಳೇನಿಲ್ಲ. ಮಾಕಳಿಯ ಮನೆಯಿಂದ ಪೀಣ್ಯದ ವರ್ಕ್‌ಶಾಪಿಗೆ ಹೊರಟವನು ಅರ್ಧ ದಾರಿಯಿಂದ ಫೋನ್ ಮಾಡಿ ಗ್ಯಾಸ್ ಆಫ್ ಆಗಿದೆಯಾ ಎಂದು ಕೇಳುತ್ತೇನೆ. ಅವಳು ಒಲೆಯ ಮುಂದೆಯೇ ನಿಂತಿರುತ್ತಾಳೆ. "ಆಫ್ ಆಗಿಲ್ಲ ಕಣ್ರೀ, ಸಾರು ಕುದೀತಾ ಇದೆ. ಬಂದು ನೀವೇ ಆಫ್ ಮಾಡಿ ಹೋಗಿ" ಎನ್ನುತ್ತಾಳೆ.

ಈ ಸ್ವಭಾವಕ್ಕೆ ಒಂದಿಷ್ಟು ಮರ್ಯಾದೆ ಸಿಗುವ ಜಾಗ ನನ್ನ ವರ್ಕ್‌ಶಾಪು ಮಾತ್ರ. ಅಲ್ಲಿ ನಾವು ಬೋರ್‌ವೆಲ್ಲಿಗೆ ಇಳಿಸುವ ಪಂಪಿನ ಸ್ಟೀಲ್ ಕವಚಗಳನ್ನು, ಅವುಗಳ ಮುಚ್ಚಳಗಳನ್ನು ಮಾಡುತ್ತೇವೆ. ಆಳದ ನೀರಿನಲ್ಲಿ ವರ್ಷಗಟ್ಟಲೆ ಮುಳುಗಿರುವ ವಸ್ತುವಿನ ಒಳಗೆ ಹನಿ ನೀರೂ ಹೋಗಬಾರದು. ಹೋದರೆ ರೈತ ಬಯ್ಯುವುದು ಪಂಪಿನ ಕಂಪನಿಗೆ, ಕಂಪನಿ ಬಯ್ಯುವುದು ನನಗೆ. ಆದ್ದರಿಂದ ನೀರು ಒಳಗೆ ಹೋಯಿತೇ ಎಂದು ದಿನವಿಡೀ ಹೆದರುತ್ತಿರುವುದೇ ನನ್ನ ಕಸುಬು. ಹೆದರಿಕೆಯನ್ನು ಕಸುಬು ಮಾಡಿಕೊಂಡವನು ಸುಖಿ ಎಂದುಕೊಂಡಿದ್ದೆ, ಆ ಹುಡುಗಿ ಬರುವವರೆಗೆ.

ಹುಡುಗಿ ಎಂದರೆ ಮೂವತ್ತರ ಆಸುಪಾಸಿನವಳು. ಒಂದು ಮಧ್ಯಾಹ್ನ, ಬೆನ್ನಿಗೊಂದು ದೊಡ್ಡ ಚೀಲ ಹಾಕಿಕೊಂಡು, ಬೀದಿಯ ಎಲ್ಲ ವರ್ಕ್‌ಶಾಪುಗಳಲ್ಲೂ ವಿಚಾರಿಸಿ, ಎಲ್ಲರೂ ಆಗುವುದಿಲ್ಲವೆಂದು ಕೈ ಅಲ್ಲಾಡಿಸಿ ಕಳಿಸಿದ ಮೇಲೆ ನಮ್ಮ ಬಾಗಿಲಿಗೆ ಬಂದಳು. ವೈಟ್‌ಫೀಲ್ಡಿನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬಂದಿದ್ದಳು. ಚೀಲದಿಂದ ಒಂದು ಒಡೆದ ಪ್ಲಾಸ್ಟಿಕ್ ಕೊಳವೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ತುಕ್ಕು ಹಿಡಿದ ತಂತಿಗಳು, ಉಪ್ಪು ಕಟ್ಟಿದ ಬ್ಯಾಟರಿ.

"ಸಾರ್, ಇದು ಸಮುದ್ರದ ತಳದಲ್ಲಿ ಕೂತು ಶಬ್ದ ರೆಕಾರ್ಡ್ ಮಾಡೋ ಯಂತ್ರ. ನೀರು ನುಗ್ಗಿ ಹಾಳಾಯ್ತು. ಒಳಗಿಂದೆಲ್ಲಾ ಹೊಸದು ನನ್ನ ಹತ್ರ ಇದೆ. ಹೊರಗಿನ ಡಬ್ಬ ಮಾತ್ರ ಬೇಕು. ನೀವು ಬೋರ್‌ವೆಲ್ ಪಂಪಿಗೆ ಮಾಡ್ತೀರಲ್ಲ, ಅಂಥದ್ದು. ಹೊರದೇಶದಿಂದ ತರಿಸೋಕೆ ಟೈಮಿಲ್ಲ."

"ಏನ್ ಶಬ್ದ ಅಮ್ಮಾ?"

"ಡಾಲ್ಫಿನ್‌ದು ಸಾರ್."

ನಮ್ಮ ಲೇತ್ ಆಪರೇಟರ್ ಅಷ್ಟು ಹೊತ್ತೂ ಬೆನ್ನು ತಿರುಗಿಸಿಕೊಂಡೇ ಕೆಲಸ ಮಾಡುತ್ತಿದ್ದವನು ಯಂತ್ರ ನಿಲ್ಲಿಸಿದ. ಗದಗದ ಕಡೆಯವನು, ನನ್ನ ಬಳಿ ಬಹಳ ವರ್ಷಗಳಿಂದ ಇದ್ದಾನೆ, ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲೇ ಬಾಡಿಗೆ ಕೋಣೆ. ಸಮುದ್ರವನ್ನು ಅವನು ನೋಡಿಯೇ ಇಲ್ಲ. ನಾನು ನೋಡಿದ್ದು ಮದುವೆಯಾದ ಹೊಸತರಲ್ಲಿ ಒಮ್ಮೆ, ಅದೂ ಅಲೆ ಎಳೆದುಕೊಂಡು ಹೋದೀತೆಂದು ಹೆಂಡತಿಯ ಸೆರಗು ಹಿಡಿದುಕೊಂಡು ದೂರದಿಂದ.

"ಮಾಲಕ್ರ, ಮೀನಿಗೂ ಬೋರ್ ಹೊಡಸಾಕ ಹೊಂಟಾರೇನ್ರಿ ಮ್ಯಾಡಂ?" ಎಂದ.

"ಮೀನಲ್ಲ ಅಣ್ಣ. ಮರಿಗೆ ಹಾಲು ಕೊಡುತ್ತೆ, ಉಸಿರಾಡೋಕೆ ಮೇಲೆ ಬರುತ್ತೆ. ಹಸು ಇದ್ದಂಗೆ, ನೀರಲ್ಲಿದೆ ಅಷ್ಟೆ."

"ಹಂಗಾರ ಕೊಟ್ಟಿಗಿ ಕಾಯೋ ಕೆಲಸ ಅನ್ರಿ ನಿಮ್ದು" ಎಂದು ಅವನು ಮತ್ತೆ ಲೇತ್ ಶುರು ಮಾಡಿದ.

ಹುಡುಗಿ ವಿಷಯ ಬಿಡಿಸಿ ಹೇಳಿದಳು. ನಮ್ಮದೇ ಕರಾವಳಿಯಲ್ಲಿ ಒಂದು ಹೊಳೆ ಸಮುದ್ರ ಸೇರುವ ಅಳಿವೆ. ಅಲ್ಲಿಗೆ ಗೂನು ಬೆನ್ನಿನ ಡಾಲ್ಫಿನ್‌ಗಳು ಮರಿಗಳನ್ನು ಕರೆದುಕೊಂಡು ಮೀನು ಹಿಡಿಯಲು ಬರುತ್ತವೆ. ನೀರು ಬಹುತೇಕ ದಿನ ಕೆಸರು ಕೆಸರಾಗಿರುವುದರಿಂದ ಅವು ಕಣ್ಣನ್ನು ನಂಬುವುದಿಲ್ಲ; ಟಿಕ್ ಟಿಕ್ ಎಂದು ಶಬ್ದ ಕಳಿಸಿ, ಅದು ತಾಗಿ ಮರಳಿ ಬಂದ ಸದ್ದಿನಿಂದ ದಾರಿ ಕಂಡುಕೊಳ್ಳುತ್ತವೆ. ಆ ಸದ್ದನ್ನು ಕೇಳಿಸಿಕೊಂಡರೆ ಅವು ಎಷ್ಟು ಸಲ ಬಂದವು, ಯಾವ ಹೊತ್ತಿಗೆ ಬಂದವು ಎಂದು ತಿಳಿಯುತ್ತದೆ. ಈಗ ಅಲ್ಲಿ ದೋಣಿಗಳಿಗೆಂದು ಕಲ್ಲಿನ ತಡೆಗೋಡೆ ಕಟ್ಟುತ್ತಾರಂತೆ, ಹೂಳೆತ್ತುವ ಹಡಗು ಬರಲಿದೆಯಂತೆ. ಮಳೆಗಾಲ ಮುಗಿದು ಕಡಲು ಶಾಂತವಾಗಿದೆ. ಹಡಗು ಬರುವುದಕ್ಕೆ ಕೆಲವೇ ವಾರ ಉಳಿದಿದೆ.

"ಹಡಗು ಬರೋದಕ್ಕೆ ಮುಂಚೆ ಆ ಜಾಗ ಹೇಗಿತ್ತು ಅಂತ ರೆಕಾರ್ಡ್ ಆಗ್ಬೇಕು ಸಾರ್. ಬಂದ್ಮೇಲೆ ಎಷ್ಟು ಸಲ ಬೇಕಾದ್ರೂ ಕೇಳ್ಬೋದು. ಆದ್ರೆ ಮೊದಲಿನದು ಒಂದೇ ಸಲ. ಅದು ಇಲ್ದಿದ್ರೆ, ಡಾಲ್ಫಿನ್ ಕಮ್ಮಿ ಆಯ್ತು ಅಂತ ನಾನು ಹೇಳಿದ್ರೆ, ಮೊದ್ಲು ಜಾಸ್ತಿ ಇತ್ತು ಅಂತ ಯಾರು ಹೇಳಿದ್ದು ಅಂತಾರೆ."

ಅವಳು ವರ್ತೂರಿನವಳು. ಕೆರೆಯ ಪಕ್ಕದ ಹೊಲದವರು. ಹೊಲ ಈಗ ಬಾಡಿಗೆ ಮನೆಗಳಾಗಿದೆ. ಅವಳು ಮುಂದುವರಿಸಿದಳು: "ನಮ್ಮ ಕೆರೇನೇ ನೋಡಿ. ಮೊದ್ಲು ಏನೇನಿತ್ತು ಅಂತ ಕೇಳಿದ್ರೆ ನಮ್ಮ ತಾತ ಒಂದು ಹೇಳ್ತಾರೆ, ಪಕ್ಕದ ಮನೆಯವರು ಒಂದು ಹೇಳ್ತಾರೆ. ಯಾರೂ ಕೂತು ನೋಡಿರ್ಲಿಲ್ಲ. ಈಗ ನೊರೆ ಬಂದ್ಮೇಲೆ ಎಲ್ಲರೂ ನೋಡ್ತಾರೆ. ನಮ್ಮಮ್ಮ ಅಂತೂ ದಿನಾ ಅಂತಾರೆ, 'ಮನೆ ಮುಂದಿನ ಕೆರೆ ಇಂಗಾಯ್ತು, ಇವ್ಳು ಸಮುದ್ರ ಕಾಯಾಕ್ ಒಂಟವ್ಳೆ' ಅಂತ."

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮರುಗಳಿಗೆಯಿಂದ ಚಿಂತೆ ಶುರುವಾಯಿತು. ಬೋರ್‌ವೆಲ್ಲಿನ ನೀರು ನನಗೆ ಗೊತ್ತು. ಉಪ್ಪು ನೀರು ಹೇಗೆ ವರ್ತಿಸುತ್ತದೋ ಗೊತ್ತಿಲ್ಲ. ಮಾಮೂಲಿ ಸ್ಟೀಲಿಗೆ ಅದು ಚುಕ್ಕೆ ಚುಕ್ಕೆಯಾಗಿ ತೂತು ಹಾಕುತ್ತದಂತೆ. ಅದಕ್ಕೆ ತಾಳುವ ಬೇರೆ ದರ್ಜೆಯ ಸ್ಟೀಲ್ ಪೈಪು ತರಿಸಿದೆ. ಮುಚ್ಚಳಕ್ಕೆ ಒಂದು ರಬ್ಬರ್ ರಿಂಗು ಸಾಕು ಎಂದು ಅವಳು ಹೇಳಿದರೆ ನಾನು ಎರಡು ಹಾಕಿಸಿದೆ. ಒಳಗೆ ಟಿಶ್ಯೂ ಪೇಪರ್ ಮಡಿಸಿಟ್ಟು, ಮುಚ್ಚಳ ಬಿಗಿದು, ಪಂಪ್ ಪರೀಕ್ಷಿಸುವ ತೊಟ್ಟಿಗೆ ಇಳಿಸಿ, ಬೆಳಿಗ್ಗೆ ತೆಗೆದು ಪೇಪರ್ ಒದ್ದೆಯಾಗಿದೆಯೇ ನೋಡುವುದು ನಮ್ಮ ಪದ್ಧತಿ. ಒಣಗಿಯೇ ಇತ್ತು. ನನಗೆ ನಂಬಿಕೆ ಬರಲಿಲ್ಲ. ತೊಟ್ಟಿಗೆ ಕಲ್ಲುಪ್ಪಿನ ಚೀಲ ಸುರಿಸಿ ಮತ್ತೆ ಇಳಿಸಿದೆ. ಆಗಲೂ ಒಣಗಿತ್ತು. ಆಪರೇಟರ್ ಆ ಪೇಪರಿನಿಂದ ಮೂಗು ಒರೆಸಿಕೊಂಡು ತೋರಿಸಿದ.

"ಈಗ ಹಸಿ ಆತು ನೋಡ್ರಿ. ಸಮಾಧಾನ ಆತಿಲ್ಲೋ?"

ಇಲ್ಲಿ ನಮ್ಮ ಬೀದಿಯ ಒಂದು ರೂಢಿಯ ಬಗ್ಗೆ ಹೇಳಬೇಕು. ಕೆಲಸ ಯಾವುದೇ ಇರಲಿ, ಬಫಿಂಗ್ ಆಗದೆ ಅದು ಗೇಟು ದಾಟುವುದಿಲ್ಲ. ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು, ಸ್ಟೀಲು ಕನ್ನಡಿಯಂತಾಗುವ ತನಕ ಉಜ್ಜುವುದೇ ಬಫಿಂಗ್. ಭೂಮಿಯೊಳಗೆ ಹೋಗಿ ಕೂರುವ, ಇನ್ನು ಯಾರೂ ನೋಡದ ಪಂಪಿಗೂ ನಾವು ಮುಖ ನೋಡಿಕೊಳ್ಳುವಷ್ಟು ಹೊಳಪು ಕೊಡುತ್ತೇವೆ. ಗಿರಾಕಿ ರಟ್ಟಿನ ಪೆಟ್ಟಿಗೆ ತೆರೆದಾಗ ಮೊದಲು ನೋಡುವುದು ಅದನ್ನೇ. ಹೊಳೆಯದಿದ್ದರೆ ಒಳಗಿನ ಕೆಲಸವೂ ಹೀಗೇ ಇರುತ್ತದೆ ಎಂದುಕೊಳ್ಳುತ್ತಾನೆ. ನನಗೂ ನನ್ನ ಆಪರೇಟರಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಅವನು ಒಂದು ಇಡೀ ಸಂಜೆ ಆ ಡಬ್ಬವನ್ನು ಉಜ್ಜಿದ. ನಾನು ಪಕ್ಕದಲ್ಲಿ ನಿಂತು, ಇಲ್ಲೊಂಚೂರು ಮಬ್ಬಿದೆ, ಅಲ್ಲೊಂಚೂರು ಗೀರಿದೆ ಎಂದು ಬೆರಳು ತೋರಿಸಿದೆ. ಸಮುದ್ರದ ತಳಕ್ಕೆ ಹೋಗುವ ವಸ್ತುವನ್ನು ಯಾರಾದರೂ ಹೀಗೆ ಉಜ್ಜಿಯಾರು ಎಂದು ಆ ಹುಡುಗಿಗೆ ಹೊಳೆದಿರಲಿಲ್ಲ, ಹಾಗಾಗಿ ಬೇಡವೆಂದು ಹೇಳಿರಲಿಲ್ಲ. ಬೇಕೇ ಎಂದು ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಅವಳು ಬಂದು ನೋಡಿದಳು. ಡಬ್ಬದಲ್ಲಿ ಅವಳ ಮುಖ ಉದ್ದುದ್ದವಾಗಿ ಕಾಣಿಸಿತು. "ಸಾರ್, ಇದನ್ನ ಸಮುದ್ರಕ್ಕೆ ಹಾಕ್ಲೋ, ಮದುವೆ ಮನೇಲಿ ಮುಯ್ಯಿ ಓದಿಸ್ಲೋ?" ಎಂದಳು. ನಾವಿಬ್ಬರೂ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆವು. ಮೆಟ್ರೋದಲ್ಲಿ ಅದನ್ನು ಒಳಗೆ ಬಿಡಲಿಲ್ಲ. ಬಾಗಿಲ ಸೆಕ್ಯೂರಿಟಿ ಹೆಣ್ಣುಮಗಳು ಡಬ್ಬ ತಟ್ಟಿ, "ಏನಕ್ಕಾ ಇದು?" ಎಂದು ಕೇಳಿದಳಂತೆ, ಇವಳು ಡಾಲ್ಫಿನ್ ವಿಷಯ ಹೇಳುತ್ತಿದ್ದಂತೆ ಆಕೆ ಇನ್ನೊಬ್ಬರನ್ನು ಕರೆದಳಂತೆ. ಕೊನೆಗೆ ಕ್ಯಾಬ್ ಮಾಡಿಕೊಂಡು ಹೋದಳು. ಆಗಲೇ ನನಗೆ ಏನಾದರೂ ತಿಳಿಯಬೇಕಿತ್ತು. ಬೇಡದ್ದಕ್ಕೆಲ್ಲ ಚಿಂತಿಸುವ ನಾನು ಆ ಒಂದು ಕಡೆ ಮಾತ್ರ ನಿಶ್ಚಿಂತನಾಗಿದ್ದೆ.

ಅವಳು ಕರಾವಳಿಗೆ ಹೋಗಿ, ಅಲ್ಲಿಯ ಒಬ್ಬ ದೋಣಿಯವರನ್ನು ಕರೆದುಕೊಂಡು, ಅಳಿವೆಯ ತಳದಲ್ಲಿ ಡಬ್ಬವನ್ನು ಭಾರಕ್ಕೆ ಕಟ್ಟಿ ಇಳಿಸಿದಳು. ಅಂದಿನಿಂದ ನಾನು ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಅಲ್ಲಿಯ ಭರತ ಇಳಿತ ನೋಡಲು ಶುರು ಮಾಡಿದೆ. ನನಗೆ ಅದು ಅರ್ಥವಾಗುತ್ತಿರಲಿಲ್ಲ. ಗೆರೆ ಮೇಲೆ ಹೋದರೆ ಒಂದು ಚಿಂತೆ, ಕೆಳಗೆ ಬಂದರೆ ಇನ್ನೊಂದು. ಪೀಣ್ಯದಲ್ಲಿ ಮೋಡ ಕಂಡರೆ ಅವಳಿಗೆ ಫೋನ್.

"ಮಗಳ ಬಾಣಂತನಕ್ಕೂ ನೀವು ಇಷ್ಟು ಫೋನ್ ಮಾಡಿರ್ಲಿಲ್ಲ" ಎಂದಳು ಹೆಂಡತಿ. "ಆ ಹುಡುಗಿ ನಿಮ್ ನಂಬರ್ ನೋಡಿದ್ರೆ ಸಮುದ್ರಕ್ಕೆ ಹಾರ್ತಾಳೆ ಅಷ್ಟೆ."

"ಅದಲ್ಲ ಕಣೇ, ರಿಂಗು ಏನಾದ್ರೂ ಜರುಗಿದ್ರೆ?"

"ಎರಡು ಹಾಕ್ಸಿದೀರಲ್ಲ. ಒಂದು ಜರುಗಿದ್ರೆ ಇನ್ನೊಂದು ಅದನ್ನ ಹಿಡ್ಕೊಳ್ಳತ್ತೆ ಬಿಡಿ."

ರಿಂಗುಗಳು ಜರುಗಲಿಲ್ಲ. ಒಂದು ದಿನ ಬೆಳಿಗ್ಗೆ ಅವಳದೇ ಫೋನ್ ಬಂತು. ಅವಳಾಗಿ ಮಾಡಿದ್ದು ಅದೇ ಮೊದಲು, ಹಾಗಾಗಿ ಎತ್ತಿದವನೇ ನೀರು ನುಗ್ಗಿತಾ ಎಂದು ಕೇಳಿದೆ.

"ಸಾರ್, ಡಬ್ಬ ಇಲ್ಲ. ಹಗ್ಗ ಕತ್ತರಿಸಿದಾರೆ."

ನಡೆದದ್ದು ಇಷ್ಟು. ಅಳಿವೆಯಲ್ಲಿ ಮುಳುಗಿ ಚಿಪ್ಪು ಆಯುವವರಿದ್ದಾರೆ. ಅಪರೂಪಕ್ಕೆ ನಾಲ್ಕು ದಿನ ನೀರು ತಿಳಿಯಾಗಿತ್ತು. ಬಿಸಿಲು ನೇರ ತಳಕ್ಕಿಳಿದಾಗ, ಮರಳಿನ ಮೇಲೆ ಏನೋ ಫಳಫಳ ಹೊಳೆದಿದೆ. ಅವರಲ್ಲೊಬ್ಬರು ಹತ್ತಿರ ಹೋಗಿ ನೋಡಿದರೆ ಉದ್ದನೆಯ ಬೆಳ್ಳಿಯಂಥ ಕೊಳವೆ, ತುದಿಯಲ್ಲೊಂದು ಕರಿಯ ಗುಬಟು, ಸುತ್ತ ಬೋಲ್ಟುಗಳು. ಅದರ ಪಕ್ಕದಲ್ಲಿ ಇನ್ನು ಚಿಪ್ಪು ಆಯುವುದು ಹೇಗೆ? ಹಗ್ಗ ಕೊಯ್ದು ಮೇಲೆ ತಂದು, ಜವಾಬ್ದಾರಿಯಿಂದ ಪೊಲೀಸ್ ಠಾಣೆಗೆ ಒಪ್ಪಿಸಿದ್ದರು. ಠಾಣೆಯವರು ಅದನ್ನು ಅಂಗಳದಲ್ಲಿ ಮರಳಿನ ಚೀಲಗಳ ನಡುವೆ ಮಲಗಿಸಿದ್ದರು.

ಹಿಂದೆ ಹಾಕಿದ್ದ ಪ್ಲಾಸ್ಟಿಕ್ ಕೊಳವೆ ಕೊಳಕು ಬಣ್ಣದ್ದಾಗಿದ್ದರಿಂದ ಅದರ ಮೇಲೆ ಯಾರೂ ಕಣ್ಣು ಹಾಕಿರಲಿಲ್ಲ ಎಂದು ಅವಳು ಹೇಳಿದಳು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ನಾನು ಆಪರೇಟರಿನ ಮುಖ ನೋಡಿದೆ. ಅವನು ಬಫಿಂಗ್ ಚಕ್ರದ ಕಡೆ ನೋಡುತ್ತಿದ್ದ.

"ಛಲೋ ಹೊಳದೈತಿ ಹಂಗಾರ" ಎಂದ ಮೆಲ್ಲಗೆ. ಅವನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಹೆಮ್ಮೆಯೇ ಹೆಚ್ಚಿತ್ತೆಂದು ನನಗೆ ಇವತ್ತಿಗೂ ಅನುಮಾನ.

ಡಬ್ಬ ಸಿಕ್ಕಿತಲ್ಲ, ಇನ್ನೇನು ಎಂದುಕೊಳ್ಳುವ ಹಾಗಿರಲಿಲ್ಲ. ಹಡಗು ಬರುವ ಮೊದಲಿನ ಅಳಿವೆಯ ಸದ್ದೆಲ್ಲ ಅದರೊಳಗಿನ ಕಾರ್ಡಿನಲ್ಲಿತ್ತು. ಠಾಣೆಯವರು ಅದನ್ನು ಬಿಚ್ಚಿ ನೋಡುವ ಯೋಚನೆಯಲ್ಲಿದ್ದರು. ಮುಚ್ಚಳವನ್ನು ಬೋಲ್ಟು ಸಡಿಲಿಸಿ ಎಳೆಯಬೇಕು. ತಿರುಚಿದರೆ ಒಳಗಿನ ತಂತಿ ಕಿತ್ತು ಬ್ಯಾಟರಿ, ಕಾರ್ಡು ಎಲ್ಲ ಒಟ್ಟಿಗೆ ಹೋಗುತ್ತದೆ, ಜೊತೆಗೆ ಅಂಗಳದ ಮರಳು, ಉಪ್ಪು ನೀರು ಒಳಗೆ ಸೇರುತ್ತವೆ. ಇವಳು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ. "ಇದನ್ನ ಮಾಡಿದವರು ಯಾರು, ಅವರೇ ಹೇಳ್ಬೇಕು" ಎಂದು ಹಟ. ಹಾಗಾಗಿ ವಿಡಿಯೋ ಕಾಲ್.

ಮೊಬೈಲಿನ ಪರದೆಯಲ್ಲಿ ಒಬ್ಬ ದಪ್ಪ ಮೀಸೆಯ ಹಿರಿಯ ಪೊಲೀಸರು, ಅವರ ಹಿಂದೆ ದೂರದಲ್ಲಿ, ಮರಳಿನ ಚೀಲಗಳ ನಡುವೆ, ಬಿಸಿಲಿಗೆ ಕಣ್ಣು ಕೋರೈಸುವಂತೆ ನಮ್ಮ ಡಬ್ಬ. ಉಪ್ಪು ನೀರಲ್ಲಿ ಅಷ್ಟು ದಿನ ಇದ್ದೂ ಒಂದು ಚುಕ್ಕೆ ಬಿದ್ದಿರಲಿಲ್ಲ. ಅಂಥ ಹೊತ್ತಿನಲ್ಲೂ ಅದನ್ನು ಗಮನಿಸಿದೆ.

"ನಮಸ್ಕಾರ. ಇದು ನೀವು ಮಾಡಿದ್ದಾ?"

"ಹೌದು ಸಾರ್, ನಾವೇ. ಬೋರ್‌ವೆಲ್ ಪಂಪ್ ಮಾಡೋರು ಸಾರ್ ನಾವು."

"ಬೋರ್‌ವೆಲ್ಲು ಸಮುದ್ರದಲ್ಲಿ ಎಂತಕ್ಕೆ ಮಾರಾಯ್ರೆ?"

ನಾನು ತೊದಲಿದೆ. ಹೆದರಿದಾಗ ನನ್ನ ಬಾಯಲ್ಲಿ ವಿಷಯಗಳು ತಲೆಕೆಳಗಾಗಿ ಬರುತ್ತವೆ. ಡಾಲ್ಫಿನ್ನಿನಿಂದ ಶುರು ಮಾಡಬೇಕಿದ್ದವನು ರಬ್ಬರ್ ರಿಂಗಿನಿಂದ ಶುರು ಮಾಡಿದೆ. ಬ್ಯಾಟರಿ ಎಂದೆ, ತಂತಿ ಎಂದೆ, ತಿರುಚಬೇಡಿ ಎಂದೆ. ಕೇಳುತ್ತ ಕೇಳುತ್ತ ಅವರು ಡಬ್ಬದಿಂದ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದರು.

ಆಪರೇಟರ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡ. ನಾವು ಮೊದಲು ಮಾಡಿ, ಅಳತೆ ಸರಿಯಾಗದೆ ಮೂಲೆಗೆ ಎಸೆದಿದ್ದ ಇನ್ನೊಂದು ಮುಚ್ಚಳವನ್ನು ಹುಡುಕಿ ತಂದು ಪರದೆಗೆ ಹಿಡಿದ.

"ನಮಸ್ಕಾರ್ರೀ ಸಾಹೇಬ್ರ. ನಿಮ್ಮ ಅಂಗಳದಾಗ ಇರೋದರ ತಮ್ಮ ಇಲ್ಲಿ ಐತಿ ನೋಡ್ರಿ. ಬೋಲ್ಟ್ ಎಣಸ್ರಿ ಬೇಕಾರ. ನಮ್ಮ ಮಾಲಕ್ರು ಮನಿ ಗ್ಯಾಸಿಗೂ ಇಷ್ಟ ಅಂಜತಾರ್ರಿ, ಅವರ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ಇಂಥಾ ಮನಶ್ಯಾ ಬಾಂಬ್ ಮಾಡ್ತಾರೇನ್ರಿ?"

ಅವನು ಫೋನನ್ನು ನನ್ನ ಕಡೆ ತಿರುಗಿಸಿದ, ಪೊಲೀಸರು ಪರದೆಯಲ್ಲಿ ನನ್ನನ್ನು ಒಂದು ಸಲ ನೋಡಿದರು. ನಾನು ಮುಖ ಒರೆಸಿಕೊಳ್ಳುತ್ತಿದ್ದೆ. ಅದನ್ನು ನೋಡಿ ಅವರಿಗೆ ನಂಬಿಕೆ ಬಂದ ಹಾಗಿತ್ತು. ನನ್ನ ಅಂಜುಬುರುಕತನ ಸಾಕ್ಷಿಯಾಗಿ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

"ಅದು ಸರಿ. ಸಮುದ್ರದಡಿ ಹಾಕೂದಕ್ಕೆ ಇಷ್ಟು ಪಾಲಿಶು ಎಂತಕ್ಕೆ ಹೇಳಿ?"

"ಗಿರಾಕಿ ಮೊದಲು ನೋಡೋದು ಅದನ್ನೇ ಅಲ್ವಾ ಸಾರ್" ಎಂದೆ. ಅವರು ತಲೆಯಾಡಿಸಿ, "ಹುಡುಗೀ, ತೆಕ್ಕೊಂಡು ಹೋಗಮ್ಮ. ಇನ್ನು ಹಾಕುವ ಮೊದಲು ಇಲ್ಲೊಂದು ಮಾತು ಹೇಳಿ ಹಾಕು" ಎಂದರು.

ಅಂದೇ ಅವಳು ದೋಣಿಯವರ ಮನೆಯಲ್ಲಿ ಕೂತು, ನಾನು ಫೋನಿನಲ್ಲಿ ಬೋಲ್ಟು ಬೋಲ್ಟಿಗೂ ಜೀವ ಬಿಡುತ್ತಿರುವಾಗ, ಮುಚ್ಚಳ ಎಳೆದು ಕಾರ್ಡು ತೆಗೆದಳು. ಒಣಗಿತ್ತು. ಹೊಸ ಕಾರ್ಡು ಹಾಕಿ, ಹಳೆಯ ಸೈಕಲ್ ಟ್ಯೂಬನ್ನು ಡಬ್ಬಕ್ಕೆ ಸುತ್ತಿ, ಎಲ್ಲೂ ಒಂದು ಮಿಂಚು ಕಾಣದಂತೆ ಮಾಡಿ, ಚಿಪ್ಪು ಆಯುವವರಿಗೂ ತೋರಿಸಿ ಹೇಳಿ, ಮತ್ತೆ ಅದೇ ಜಾಗಕ್ಕೆ ಇಳಿಸಿದಳು. ವಾರ ಕಳೆಯುವಷ್ಟರಲ್ಲಿ ಹೂಳೆತ್ತುವ ಹಡಗು ಬಂತು.

ಸೈಕಲ್ ಟ್ಯೂಬಿನ ಸುದ್ದಿ ಕೇಳಿ ಆಪರೇಟರ್ ಎರಡು ದಿನ ಸಪ್ಪಗಿದ್ದ.

ಹೊಸ ವರ್ಷ ಕಳೆದ ಮೇಲೆ ಅವಳು ಪೀಣ್ಯಕ್ಕೆ ಬಂದಳು, ಲ್ಯಾಪ್‌ಟಾಪು ಮತ್ತು ಒಂದು ಪುಟ್ಟ ಸ್ಪೀಕರ್ ತೆಗೆದುಕೊಂಡು. ಎರಡನ್ನೂ ನಾವು ಕೇಳಬೇಕಂತೆ, ಹಡಗಿಗೆ ಮೊದಲಿನದು, ಆಮೇಲಿನದು. ನನ್ನ ಹೆಂಡತಿಯೂ ಬಂದಿದ್ದಳು. ಇಷ್ಟು ತಿಂಗಳು ತನ್ನ ನಿದ್ದೆ ಕೆಡಿಸಿದ ಪ್ರಾಣಿಯ ದನಿ ಒಮ್ಮೆ ಕೇಳಿಬಿಡುತ್ತೇನೆ ಎಂದು. ಡಾಲ್ಫಿನ್ನಿನ ಸದ್ದಿನ ಶ್ರುತಿ ಬಹಳ ಎತ್ತರದ್ದು, ಮನುಷ್ಯರ ಕಿವಿಗೆ ನಿಲುಕುವಂತೆ ಅದನ್ನು ತಗ್ಗಿಸಿ ತಂದಿದ್ದೇನೆ, ಆದರೂ ಯಂತ್ರಗಳನ್ನು ನಿಲ್ಲಿಸಬೇಕು ಎಂದಳು ಹುಡುಗಿ. ಕೆಲಸದ ಹೊತ್ತಿನಲ್ಲಿ ನಮ್ಮಲ್ಲಿ ಯಂತ್ರ ನಿಂತರೆ ಪಕ್ಕದ ವರ್ಕ್‌ಶಾಪಿನವರು ಕರೆಂಟ್ ಹೋಯಿತೇ ಎಂದು ಇಣುಕಿ ನೋಡುತ್ತಾರೆ. ಅಂದೂ ನೋಡಿದರು. ಆಪರೇಟರ್ ಬಾಗಿಲು ಹಾಕಿದ.

ಮೊದಲು ಕೇಳಿಸಿದ್ದು ಚಟಪಟ ಚಟಪಟ ಎಂಬ ಸದ್ದು. ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ, ನಿಲ್ಲುವುದೇ ಇಲ್ಲ. ನಾನು ಎದ್ದು ನಿಂತೆ.

"ನೀರು ನುಗ್ಗಿದೆ. ಶಾರ್ಟ್ ಆಗ್ತಾ ಇದೆ, ಕೇಳ್ತಾ ಇಲ್ವಾ?"

"ಸಾರ್, ಕೂತ್ಕೊಳ್ಳಿ. ಅದು ಸಿಗಡಿ. ಒಂದು ಜಾತಿ ಸಣ್ಣ ಸಿಗಡಿ ಇಕ್ಕಳದಂಥ ಕೈಯಿಂದ ಚಿಟಿಕೆ ಹೊಡಿಯುತ್ತೆ. ಸಮುದ್ರದ ತಳ ಯಾವಾಗ್ಲೂ ಹೀಗೇ."

"ನಿಜವಾಗ್ಲೂ?"

"ಒಗ್ಗರಣೆ ಸದ್ದಿಗೂ ಎದ್ದು ನಿಂತ್ಕೊಳ್ತೀರಲ್ರೀ, ಕೂತ್ಕೊಳ್ಳಿ" ಎಂದಳು ಹೆಂಡತಿ.

ಕೂತೆ. ಆ ಚಟಪಟದ ಹಿಂದಿನಿಂದ, ತುಂಬ ದೂರದಿಂದ, ಟಿಕ್, ಟಿಕ್, ಟಿಕ್ ಎಂದು ಬಂತು. ಯಾರೋ ನಾಣ್ಯದಿಂದ ಗಾಜು ತಟ್ಟುತ್ತ ನಡೆದು ಬಂದಂತೆ. ಹತ್ತಿರವಾದಷ್ಟೂ ತಟ್ಟುವುದು ಬೇಗಬೇಗ ಆಯಿತು, ಒಂದಕ್ಕೊಂದು ಅಂಟಿಕೊಂಡು, ಕೊನೆಗೆ ತುಕ್ಕು ಹಿಡಿದ ಬಾಗಿಲು ಎಳೆದ ಹಾಗೆ ಕರ್ರೆಂದಿತು. ಮೀನು ಹಿಡಿಯುವಾಗ ಹಾಗೆ ಮಾಡುತ್ತವಂತೆ. ಅದರ ಬೆನ್ನಿಗೇ ಇನ್ನೊಂದು, ಮತ್ತೆ ಸಿಳ್ಳೆಯಂಥದು. ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತು. ಅವಳು ಎಲ್ಲಿ ಬೆರಳಿಟ್ಟು ಕೇಳಿಸಿದರೂ ಅವು ಇದ್ದವು. ಬರುವುದು, ಹೋಗುವುದು, ಮತ್ತೆ ಬರುವುದು. ಅಳಿವೆ ಅವುಗಳ ಮನೆಯ ಅಂಗಳದಂತಿತ್ತು.

"ಇದು ಮೊದಲಿನದು" ಎಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ನೆಮ್ಮದಿ ನೋಡಿ, ಉಜ್ಜಿದ್ದಕ್ಕೆ ನಾನು ಒಳಗೊಳಗೇ ಪಟ್ಟಿದ್ದ ಸಂಕಟ ಸ್ವಲ್ಪ ಇಳಿಯಿತು.

ಅದೇ ಕಾರ್ಡಿನ ಕೊನೆಯ ಭಾಗವನ್ನೂ ಅವಳು ಕೇಳಿಸಿದಳು, ತಮಾಷೆಗೆಂದು. ಡಬ್ಬ ಠಾಣೆಯ ಅಂಗಳದಲ್ಲಿ ಮಲಗಿದ್ದಾಗಲೂ ಅದು ರೆಕಾರ್ಡ್ ಮಾಡುತ್ತಲೇ ಇತ್ತು. ಬಾವಿಯ ಒಳಗಿನಿಂದ ಬಂದಂತೆ ಮಂಕಾದ ದನಿಗಳು. "ನೀರು ಹಾಕ್ವನಾ?" ಎಂದು ಒಬ್ಬರು. "ನೀರಿಂದ ತಂದದ್ದಲ್ಲವಾ ಮಾರಾಯ, ಅದಕ್ಕೆ ನೀರು ಎಂತ ಲೆಕ್ಕ" ಎಂದು ಇನ್ನೊಬ್ಬರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಆಮೇಲೆ ಎರಡನೆಯ ಕಾರ್ಡು. ಅದು ಶುರುವಾಗುತ್ತಿದ್ದಂತೆ ಆಪರೇಟರ್ ಥಟ್ಟನೆ ತಿರುಗಿ ಲೇತ್ ನೋಡಿದ. ಯಾರೋ ಯಂತ್ರ ಆನ್ ಮಾಡಿದರೆಂದು ಅವನಿಗೆ ಅನ್ನಿಸಿತ್ತು. ನಮ್ಮ ಬೀದಿಯದೇ ಸದ್ದು. ಗ್ರೈಂಡರು, ಸರಪಳಿ, ಎಲ್ಲೋ ಲೋಹಕ್ಕೆ ಲೋಹ ಬಡಿಯುವುದು, ಅಡಿಯಲ್ಲಿ ಒಂದೇ ಸಮನೆ ಗುಡುಗು. ಅದು ಆ ಹಡಗು. ಸಿಗಡಿಗಳ ಚಟಪಟವೂ ಅದರಡಿ ಮುಚ್ಚಿಹೋಗಿತ್ತು. ನಾವು ಕೇಳುತ್ತ ಕೂತೆವು. ಅವಳು ಮುಂದೆ ಮುಂದೆ ಓಡಿಸಿದಳು. ಬೆಳಗ್ಗೆ ಎಂದಳು, ಗುಡುಗು. ಇಳಿಹೊತ್ತು ಎಂದಳು, ಗುಡುಗು. ನಾಣ್ಯ ತಟ್ಟುವ ಸದ್ದಿಗೆ ನಾವು ನಾಲ್ವರೂ ಸ್ಪೀಕರಿನ ಕಡೆ ಬಗ್ಗಿಕೊಂಡಿದ್ದೆವು. ಇರಲಿಲ್ಲ.

"ಹೋಗಿಬಿಟ್ವಾ?" ಎಂದಳು ಹೆಂಡತಿ. ಅವಳು ಹಾಗೆ ಕೇಳುವುದು ಅಪರೂಪ. ನಮ್ಮ ಮನೆಯಲ್ಲಿ ಆ ಥರದ ಪ್ರಶ್ನೆಗಳು ನನ್ನ ಪಾಲಿನವು.

"ಇರಿ ಆಂಟಿ. ಇದನ್ನ ಕೇಳಿ."

ಮತ್ತೊಂದು ಕಡೆ ಬೆರಳಿಟ್ಟಳು. ಗುಡುಗು ಇತ್ತು, ಆಮೇಲೆ ಇಳಿಯುತ್ತ ಇಳಿಯುತ್ತ ಬಂದು ನಿಂತುಹೋಯಿತು. ಸಾಸಿವೆ ಸಿಡಿಯತೊಡಗಿತು. ಒಂದಷ್ಟು ಹೊತ್ತು ಬರೀ ಅದೇ. ಮತ್ತೆ ದೂರದಿಂದ, ಬಹಳ ಹಿಂಜರಿಯುತ್ತ, ಟಿಕ್. ಟಿಕ್. ಬಂದು, ಬೇಗಬೇಗ ಕರ್ರೆಂದು ಏನನ್ನೋ ಹಿಡಿದು, ಇನ್ನೊಂದು ಸಲ ಕರ್ರೆಂದು, ಮೋಟಾರು ಎಲ್ಲೋ ಕೆಮ್ಮಿ ಶುರುವಾಗುವ ಹೊತ್ತಿಗೆ ಸರಿಯಾಗಿ ಹೊರಟುಹೋದವು.

"ಇದು ಮಧ್ಯಾಹ್ನದ್ದು. ಹಡಗಿನವರು ಊಟಕ್ಕೆ ನಿಲ್ಲಿಸ್ತಾರೆ. ದಿನಾ ಅದೇ ಹೊತ್ತಿಗೆ ಬರ್ತಾವೆ. ಬೇರೆ ಹೊತ್ತಲ್ಲಿ ಇಲ್ಲವೇ ಇಲ್ಲ."

ಆಪರೇಟರ್ ಸ್ಪೀಕರಿನಿಂದ ತಲೆ ಎತ್ತಿದ. "ಅವರ ಊಟದ ಹೊತ್ತಿನಾಗ ಇವು ಊಟ ಮುಗಸಬೇಕಂದಂಗಾತು. ಪಾಪ, ಶಿಫ್ಟಿಗೆ ಬಿದ್ದಾವ್ರಿ ಅವೂ."

ನಮ್ಮಲ್ಲೂ ಊಟಕ್ಕೆ ಬಿಡುವ ಹೊತ್ತಾಗಿತ್ತು. ಹೆಂಡತಿ ಡಬ್ಬಿ ತೆರೆದು ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ತಿನ್ನುತ್ತ ಹುಡುಗಿ ಹೇಳಿದಳು: ಮೊದಲಿನದೂ ಆಮೇಲಿನದೂ ಎರಡೂ ಕೈಯಲ್ಲಿವೆ, ಆದ್ದರಿಂದ ಈಗ ಬಂದರು ಇಲಾಖೆಯವರನ್ನು ಕೇಳಬಹುದು. ಹಡಗನ್ನು ಮಧ್ಯಾಹ್ನ ಇನ್ನಷ್ಟು ಹೊತ್ತು ನಿಲ್ಲಿಸಿ ಎಂದು, ಮರಿಗಳಿರುವ ತಿಂಗಳಲ್ಲಿ ಬೆಳಗಿನ ಹೊತ್ತೂ ಒಂದು ಬಿಡುವು ಕೊಡಿ ಎಂದು. ಅರ್ಜಿ ಹಾಕಿದ್ದಾಳೆ.

"ಕೊಡ್ತಾರಾ?" ಎಂದೆ.

"ಗೊತ್ತಿಲ್ಲ ಸಾರ್. ಅಲ್ಲಿ ಒಬ್ರು ಆಫೀಸರ್ ಕೇಳಿಸ್ಕೊಂಡ್ರು. ಎರಡೂ ಕೇಳಿಸಿದೆ, ಇಲ್ಲಿ ಕೇಳಿಸಿದ ಹಾಗೇ. ಊಟದ ಹೊತ್ತಿನದು ಬಂದಾಗ ಅವರು ಇನ್ನೊಂದು ಸಲ ಹಾಕಿ ಅಂದ್ರು. ನೋಡೋಣ."

"ಉಳಿದ ಹೊತ್ತಲ್ಲಿ ಅವು ಎಲ್ಲಿರ್ತವೆ?"

ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಅದನ್ನೇ ಕೇಳೋಕೆ ಬಂದೆ ಸಾರ್. ಅಲ್ಲಿಂದ ಉತ್ತರಕ್ಕೆ ಇನ್ನೊಂದು ಸಣ್ಣ ಅಳಿವೆ ಇದೆ. ಅಲ್ಲಿಗೆ ಹೋಗ್ತಿರ್ಬೋದು. ಹೋದ್ರೆ ಸರಿ, ಅವಕ್ಕೆ ಒಂದು ಜಾಗ ಇದೆ ಅಂತಾಯ್ತು. ಅಲ್ಲೂ ಇಲ್ಲ ಅಂದ್ರೆ ಅದೂ ಗೊತ್ತಾಗ್ಬೇಕು. ಇನ್ನೊಂದು ಡಬ್ಬ ಬೇಕು."

"ಮಾಲಕ್ರ" ಎಂದ ಆಪರೇಟರ್, "ಒಂದು ಅಳಿವಿ ಚಿಂತಿ ಮುಗಿಯೂದ್ರಾಗ ಇನ್ನೊಂದು ಬಂತಲ್ರಿ. ನಸೀಬದವ್ರು ನೀವು."

ಅಲ್ಲಿಯ ತಳ ಮರಳೋ ಬಂಡೆಯೋ ಎಂದು ನಾನು ಕೇಳಿದೆ. ಹೊಳೆಯ ಸೆಳೆತ ಎಷ್ಟಿದೆ ಎಂದೆ. ಅಲ್ಲಿಯೂ ಯಾರಾದರೂ ಮುಳುಗುತ್ತಾರಾ, ಬಲೆ ಎಳೆಯುತ್ತಾರಾ, ಠಾಣೆ ಎಷ್ಟು ದೂರ ಎಂದೆ. ಅವಳು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ಮೊದ್ಲು ತಿನ್ರೀ, ಆರ್ಹೋಗ್ತಾ ಇದೆ" ಎಂದಳು. ಊಟದ ಬಿಡುವು ಮುಗಿದು ಬೀದಿಯ ಯಂತ್ರಗಳು ಒಂದೊಂದಾಗಿ ಶುರುವಾದವು. ಮಾತು ಕೇಳಿಸದಾಯಿತು. ಹುಡುಗಿ ಕೈ ತೊಳೆದುಕೊಂಡು ಬಂದು, ಹಾಳೆಯ ಮೇಲೆ ಆ ಅಳಿವೆಯ ಚಿತ್ರ ಬರೆದು, ಡಬ್ಬ ಇಳಿಸುವ ಜಾಗಕ್ಕೊಂದು ಗುರುತು ಹಾಕಿದಳು. ಆಪರೇಟರ್ ಅದನ್ನು ಒಮ್ಮೆ ನೋಡಿ, ಪೈಪಿನ ಅಳತೆ ತೆಗೆಯಲು ಎದ್ದ.